ಅಕ್ಕನ ಫ್ಲಾಸ್ಕಿನಲ್ಲಿ ಹಿಮದ ನೀರು

ನಾನೂ ಮಗಳೂ ಐಸ್‌ಲ್ಯಾಂಡಿಗೆ ಟಿಕೆಟ್ ಬುಕ್ ಮಾಡಿದ ದಿನ ನಮ್ಮತ್ತೆ ಮೆಲ್ಬರ್ನಿನ ಅಂಚಿನ ವೆರಿಬೀ ಬಡಾವಣೆಯ ನಮ್ಮ ಮನೆಯಲ್ಲಿ, ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಅತ್ತೆಗೆ ಎಂಬತ್ತೆರಡು. ಮಾತು ಕಡಿಮೆ, ಕಿವಿ ಮಾತ್ರ ಬಲು ಚುರುಕು. ತಲೆ ಎತ್ತದೆಯೇ ಕೇಳಿದರು:

"ಅಲ್ಲಿ ಏನಿದೆ ನೋಡೋಕೆ?"

"ಹಿಮನದಿ ಅತ್ತೆ. ಬೆಟ್ಟದಷ್ಟು ಮಂಜುಗಡ್ಡೆ, ಸಮುದ್ರದ ಹತ್ತಿರದವರೆಗೂ ಇಳ್ಕೊಂಡು ಬರುತ್ತಂತೆ. ಅದರ ಅಡಿಯಲ್ಲಿ ಅಗ್ನಿಪರ್ವತ ಬೇರೆ."

"ಅದು ಕರಗಿದ್ರೆ ನೀರು ಬರುತ್ತಾ?"

"ಬರ್ದೆ ಇನ್ನೇನು!"

"ಹಾಗಾದ್ರೆ ಒಂದು ತಂಬಿಗೆ ತಂದ್ಕೊಡು. ನನ್ನ ಕೊನೇ ಹೊತ್ತಿಗೆ ಬಾಯಿಗೆ ಬಿಡೋಕೆ ಇರ್ಲಿ."

ನಾನು ನಕ್ಕುಬಿಟ್ಟೆ. ಅದು ಗಂಗೆಯಲ್ಲ, ಅಲ್ಲಿ ಕಾಶಿಯೂ ಇಲ್ಲ ವಿಶ್ವನಾಥನೂ ಇಲ್ಲ ಎಂದೆ. ಬೇಕಿದ್ದರೆ ಇಲ್ಲೇ ಇಂಡಿಯನ್ ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಗಂಗಾಜಲ ಸಿಗುತ್ತದೆ, ನಾಳೆಯೇ ತರುತ್ತೇನೆ ಎಂದೂ ಹೇಳಿದೆ.

"ಅಂಗಡಿದು ಬೇಡ. ಯಾರು ತುಂಬಿದ್ರೋ, ಎಲ್ಲಿ ತುಂಬಿದ್ರೋ. ಮನೆಯವರು ಕಣ್ಣಾರೆ ನೋಡಿ ತುಂಬಿದ್ದಾಗಬೇಕು. ಗಂಗೇನೂ ಹಿಮ ಕರಗಿಯೇ ಹುಟ್ಟೋದು, ಅಲ್ವಾ? ಚಪ್ಪಲಿ ಬಿಟ್ಟು ತುಂಬು."

"ನೀವು ನೂರು ದಾಟ್ತೀರ ಬಿಡಿ ಅತ್ತೆ."

"ದಾಟಿದ ಮೇಲಾದ್ರೂ ಬೇಕಲ್ಲ."

ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷ. ಮಾವ ಹೋದ ಮೇಲೆ ಅತ್ತೆ ಮೈಸೂರು ಬಿಟ್ಟು ನಮ್ಮ ಜೊತೆಗೆ ಬಂದು ಹತ್ತು ವರ್ಷ. ಇಷ್ಟು ದಿನದಲ್ಲಿ ಅವರು ನನ್ನ ಹತ್ತಿರ ಒಂದು ಸೀರೆ ಕೇಳಿದವರಲ್ಲ, ಒಂದು ಪ್ರಯಾಣ ಕೇಳಿದವರಲ್ಲ. ಮೊದಲ ಸಲ ಏನೋ ಕೇಳಿದ್ದಾರೆ, ಅದೂ ಒಂದು ತಂಬಿಗೆ ನೀರು. ತಂದೇ ತರುತ್ತೇನೆ ಎಂದು ಮಾತು ಕೊಟ್ಟೆ.

ನಮ್ಮ ವಿಮಾನ ಸಿಡ್ನಿಯಿಂದ ಹೊರಡುತ್ತಿತ್ತು. ಹಿಂದಿನ ದಿನವೇ ಹೋಗಿ ಅಲ್ಲಿಯ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿರುವ ನನ್ನಕ್ಕನ ಮನೆಯಲ್ಲಿ ಉಳಿದೆವು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನ್ನನ್ನು ಎತ್ತಿ ಆಡಿಸಿದವಳು ತಾನೇ ಎಂಬ ಹಕ್ಕಿನಿಂದ ಇವತ್ತಿಗೂ ನನ್ನ ಸೂಟ್‌ಕೇಸನ್ನು ಕೇಳದೆ ತೆರೆಯುತ್ತಾಳೆ. ಅವಳ ಕಾಫಿಗೆ ನಮ್ಮತ್ತೆ ಸೋತಿದ್ದಾರೆ. ಪ್ರತಿ ವರ್ಷ ಕ್ರಿಸ್‌ಮಸ್ ರಜೆಗೆ ಅಕ್ಕ ಮೆಲ್ಬರ್ನಿಗೆ ಬಂದಾಗ ಅತ್ತೆ ನನ್ನ ಮುಖ ನೋಡಿಕೊಂಡೇ, "ಕಾಫಿ ಅಂದ್ರೆ ನಿಮ್ಮಕ್ಕಂದು" ಎನ್ನುತ್ತಾರೆ. ನಾನು ಕೇಳಿಸದಂತೆ ಇರುತ್ತೇನೆ.

ಅತ್ತೆ ಕೊಟ್ಟ ತಾಮ್ರದ ತಂಬಿಗೆಯ ಮುಚ್ಚಳ ಲೊಡಲೊಡ ಅಲ್ಲಾಡುತ್ತಿತ್ತು. ಅಕ್ಕನ ಸ್ಟೀಲ್ ಫ್ಲಾಸ್ಕ್ ಕಂಡಿತು, ಗಟ್ಟಿ ತಿರುಪು ಮುಚ್ಚಳದ್ದು. "ಇದನ್ನ ತಗೊಂಡು ಹೋಗ್ಲಾ?" ಎಂದೆ. "ತಗೊಂಡು ಹೋಗೆ, ಕೇಳೋದೇನು" ಎಂದಳು. ಯಾಕೆ ಎಂದು ಹೇಳಲಿಲ್ಲ. ಹೇಳಿದ್ದರೆ, "ನಿಮ್ಮತ್ತೆ ಐಸ್‌ಲ್ಯಾಂಡನ್ನೂ ಕಾಶಿ ಮಾಡಿದ್ರಾ" ಎಂದು ಛೇಡಿಸುತ್ತಿದ್ದಳು. ನಮ್ಮತ್ತೆಯನ್ನು ನಾನು ಎಷ್ಟು ಬೇಕಾದರೂ ಆಡಿಕೊಂಡೇನು, ತವರಿನವರು ಆಡಿಕೊಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ತಪ್ಪು ಶುರುವಾದದ್ದು ಅಲ್ಲೇ.

ಮೆಲ್ಬರ್ನಿನ ಚಳಿಗಾಲದಿಂದ ತಪ್ಪಿಸಿಕೊಂಡು ಅಲ್ಲಿಯ ಬೇಸಿಗೆಗೆ ಹೋಗಿ ನಾವು ಇನ್ನೂ ಹೆಚ್ಚು ನಡುಗಿದೆವು. ರಾಜಧಾನಿಯಿಂದ ಬೆಳಿಗ್ಗೆ ಸಣ್ಣ ಬಸ್ಸಿನಲ್ಲಿ ದಕ್ಷಿಣ ಕರಾವಳಿ ಹಿಡಿದು ಹೊರಟರೆ, ಎಡಗಡೆ ಹಸಿರು ಬೆಟ್ಟ, ಬೆಟ್ಟದಿಂದ ಜಾರುವ ಜಲಪಾತಗಳು. ಬಲಗಡೆ ದೂರದಲ್ಲಿ ಸಮುದ್ರ. ದಾರಿಯ ಮಧ್ಯೆ ಎಲ್ಲೂ ಮರ ಎನ್ನುವಂಥದ್ದು ಕಾಣಲಿಲ್ಲ. ಕುರಿಗಳು ಮಾತ್ರ ಯಾರದೋ ಮನೆಯ ಮದುವೆಗೆ ಬಂದ ಹಾಗೆ ಗುಂಪುಗುಂಪಾಗಿ ನಿಂತಿದ್ದವು. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಗೆ ಒರಗಿದ್ದಳು. ಅವಳ ಓದು ಮುಗಿದ ಖುಷಿಗೆ ಮಾಡಿದ ಪ್ರವಾಸ ಇದು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಆ ಹಿಮನದಿಯ ಹೆಸರು ಹೇಳಲು ಹೋದರೆ ನನ್ನ ನಾಲಿಗೆ ಗಂಟು ಬೀಳುತ್ತದೆ, ಬಿಡಿ. ಬಸ್ಸಿಳಿದ ಕೂಡಲೇ ಮೊದಲು ಕಂಡದ್ದು ಒಂದು ಎಚ್ಚರಿಕೆಯ ಫಲಕ. ಮೇಲಿನ ದೊಡ್ಡ ಹಿಮದ ಹೊದಿಕೆಯ ಕೆಳಗೆ ಜ್ವಾಲಾಮುಖಿ ಇದೆ, ಅದು ಎದ್ದರೆ ಹಿಮ ಕರಗಿ ಪ್ರವಾಹ ಬರುತ್ತದೆ, ಮೊಬೈಲಿಗೆ ಸಂದೇಶ ಬಂದರೆ ಇದ್ದಬದ್ದದ್ದನ್ನೆಲ್ಲ ಬಿಟ್ಟು ಎತ್ತರಕ್ಕೆ ಹತ್ತಿ ಎಂದು ಅದರ ಸಾರಾಂಶ. ಓದಿದವಳೇ ಮೊಬೈಲ್ ತೆಗೆದು ಎಷ್ಟು ಚಾರ್ಜ್ ಇದೆ ನೋಡಿಕೊಂಡೆ.

ನಮ್ಮ ಗೈಡ್ ನನ್ನದೇ ವಯಸ್ಸಿನ ಹೆಂಗಸು. ಗಾಳಿಗೆ ಒಣಗಿ ಕೆಂಪಾದ ಮುಖ, ನಿಧಾನದ ಮಾತು. ನಮ್ಮ ತಲೆಗೆ ಹೆಲ್ಮೆಟ್ ಹಾಕಿದಳು, ಕೈಗೆ ಸಣ್ಣ ಗುದ್ದಲಿ ಕೊಟ್ಟಳು, ಶೂಗಳ ಅಡಿಗೆ ಕಬ್ಬಿಣದ ಮುಳ್ಳುಗಳನ್ನು ಹೇಗೆ ಕಟ್ಟಬೇಕು ಎಂದು ತೋರಿಸಿದಳು. ಹಿಮದ ಅಂಚು ಮುಟ್ಟಲು ಒಂದು ಬೂದು ಬಣ್ಣದ ಕೊಳದ ದಂಡೆಯಲ್ಲಿ ನಡೆಯಬೇಕಿತ್ತು. ಕೊಳದಲ್ಲಿ ಕರಿಕರಿ ಮಂಜುಗಡ್ಡೆಯ ತುಂಡುಗಳು ತೇಲುತ್ತಿದ್ದವು. ತಾನು ಈ ಕೆಲಸಕ್ಕೆ ಸೇರಿದ ಕಾಲಕ್ಕೆ ಇಲ್ಲಿ ಕೊಳವೇ ಇರಲಿಲ್ಲ, ನಾವು ನಿಂತ ಜಾಗದ ಮೇಲೆಲ್ಲ ಹಿಮವಿತ್ತು ಎಂದಳು. ದುಃಖದಿಂದೇನೂ ಹೇಳಲಿಲ್ಲ. ಊರಿನ ಹಳೇ ಬಸ್‌ಸ್ಟ್ಯಾಂಡ್ ಎಲ್ಲಿತ್ತು ಎಂದು ಹೇಳುವವರ ಹಾಗೆ ಹೇಳಿದಳು.

ನಿಜ ಹೇಳುತ್ತೇನೆ, ಹಿಮನದಿಯನ್ನು ಹತ್ತಿರದಿಂದ ನೋಡಿ ನನಗೆ ನಿರಾಸೆಯಾಯಿತು. ಕ್ಯಾಲೆಂಡರಿನ ಕೈಲಾಸದ ಹಾಗೆ ಬೆಳ್ಳಗೆ ಇರುತ್ತದೆ ಎಂದುಕೊಂಡಿದ್ದೆ. ಇದು ನೋಡಿದರೆ ಹೊಗೆ ಹಿಡಿದ ಸೌದೆ ಒಲೆಯ ಗೋಡೆ! "ಅಯ್ಯೋ, ಇದೇನೇ ಇಷ್ಟು ಕೊಳೆ! ಇದನ್ನ ಅಜ್ಜಿ ಬಾಯಿಗೆ ಬಿಡೋದಾ?" ಎಂದೆ. ಮಗಳು ಇಯರ್‌ಫೋನ್ ತೆಗೆದು, "ಅಮ್ಮಾ, ಇಟ್ಸ್ ಆಶ್. ವಾಲ್ಕೇನೋ, ರಿಮೆಂಬರ್?" ಎಂದಳು.

ಬೂದಿಯೇ ಅದು. ಗೈಡ್ ಒಂದು ಕಡೆ ಗುದ್ದಲಿಯಿಂದ ಮೇಲ್ಮೈ ಕೆರೆದು ತೋರಿಸಿದಳು. ಕರಿಯ ಪುಡಿ ಸರಿದಾಗ ಅಡಿಯಲ್ಲಿ ಗಾಜಿನಂಥ ಹಿಮ. ಇನ್ನೊಂದು ಕಡೆ ಎತ್ತರದ ಹಿಮದ ಗೋಡೆಯಲ್ಲಿ ಅಡ್ಡಕ್ಕೆ ಒಂದು ಕರಿ ಪಟ್ಟೆ ಇತ್ತು. ತನ್ನ ಅಜ್ಜಿ ಹುಟ್ಟುವ ಮೊದಲು ಉದುರಿದ ಬೂದಿ ಇದು ಎಂದಳು. ಅದರ ಮೇಲೆ ವರ್ಷ ವರ್ಷವೂ ಮಂಜು ಬಿದ್ದು, ಒತ್ತಿ ಗಡ್ಡೆಯಾಗಿ, ಮೆಲ್ಲಗೆ ಜಾರುತ್ತ ಈಗ ಇಲ್ಲಿಗೆ ಬಂದು ಬಿಸಿಲಿಗೆ ಮುಖ ತೋರಿಸುತ್ತಿದೆಯಂತೆ. ನಾನು ಕೈಗವಸಿನ ಬೆರಳಿನಿಂದ ಆ ಪಟ್ಟೆಯನ್ನು ಮುಟ್ಟಿ ನೋಡಿದೆ. ಮುಳ್ಳು ಕಟ್ಟಿದ ಕಾಲು ಊರಿದಾಗಲೆಲ್ಲ ಕರಕರ ಎಂಬ ಶಬ್ದ, ಎಲ್ಲೋ ಒಳಗಿನಿಂದ ನೀರು ಹರಿಯುವ ಸಪ್ಪಳ, ಅಷ್ಟೇ. ಬಿರುಕುಗಳೊಳಗೆ ಬಗ್ಗಿ ನೋಡಿದರೆ ನೀಲಿ. ಆ ನೀಲಿ ನೋಡಿದ ಮೇಲೆ ನನ್ನ ನಿರಾಸೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಸುಮ್ಮನೆ ನಿಂತುಬಿಟ್ಟೆ. ಮನೆ, ಆಫೀಸು, ಮಾರ್ಟ್‌ಗೇಜ್ ಯಾವುದೂ ನೆನಪಿಗೆ ಬರಲಿಲ್ಲ. ಅತ್ತೆಯನ್ನು ಇಲ್ಲಿಗೆ ಕರೆದುಕೊಂಡು ಬರಬೇಕಿತ್ತು, ಮೊಣಕಾಲು ನೆಟ್ಟಗಿದ್ದಾಗಲೇ ಕರೆದುಕೊಂಡು ಬರಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಹಿಮದ ಮೇಲೆಯೇ ಒಂದು ಸಣ್ಣ ತೊರೆ ಹರಿಯುತ್ತಿತ್ತು. ಗೈಡ್ ತನ್ನ ಬಾಟಲಿ ತುಂಬಿಸಿಕೊಂಡು ಕುಡಿದಳು. ನಾನು ಅವಳನ್ನು ಪಕ್ಕಕ್ಕೆ ಕರೆದು, ನನ್ನ ಅತ್ತೆಗೆ ಈ ನೀರು ಬೇಕು, ನಮ್ಮಲ್ಲಿ ಇಂಥ ನೀರನ್ನು ಬರಿಗಾಲಲ್ಲಿ ತುಂಬಬೇಕು, ಎರಡು ನಿಮಿಷ ಶೂ ಬಿಚ್ಚಲೇ ಎಂದು ಕೇಳಿದೆ. ಮಗಳು "ಓ ಮೈ ಗಾಡ್" ಎಂದು ಬೇರೆ ಕಡೆ ತಿರುಗಿದಳು. ಗೈಡ್ ನಗಲಿಲ್ಲ. ಖಂಡಿತ ಆಗದು, ಕಾಲು ಜಾರಿದರೆ ನೇರ ಬಿರುಕಿಗೆ ಹೋಗುತ್ತೀಯ ಎಂದಳು. ಸ್ವಲ್ಪ ಯೋಚಿಸಿ, ಕೈಗವಸು ಬಿಚ್ಚಿದರೆ ನಡೆಯುತ್ತದೆಯೇ ಎಂದು ಕೇಳಿದಳು. ನಡೆಯುತ್ತದೆ ಎಂದೆ. ನಾನು ಬಿಚ್ಚಿದೆ. ಅವಳೂ ತನ್ನದನ್ನು ಬಿಚ್ಚಿ, ಬರಿಗೈಯಲ್ಲಿ ನನ್ನ ಜಾಕೆಟ್ ಹಿಡಿದುಕೊಂಡಳು. ಮೊಣಕಾಲೂರಿ ಬಗ್ಗಿ, ಗಂಗೇಚ ಯಮುನೇಚೈವ ಎಂದು ಬಾಯಿಗೆ ಬಂದಷ್ಟು ಹೇಳಿಕೊಂಡು ಫ್ಲಾಸ್ಕ್ ತುಂಬಿದೆ. ಬೆರಳುಗಳು ಮರಗಟ್ಟಿ ಮುಚ್ಚಳ ತಿರುಗಿಸಲು ಆಗಲಿಲ್ಲ. ತಿರುಗಿಸಿದವಳು ಮಗಳು.

ರೂಮಿಗೆ ಬಂದ ಮೇಲೆ ನೀರನ್ನು ಗಾಜಿನ ಜಗ್ಗಿಗೆ ಸುರಿದು ಕಿಟಕಿಯಲ್ಲಿಟ್ಟೆ. ತಳದಲ್ಲಿ ಕರಿಯ ಬೂದಿ ಕೂತ ಮೇಲೆ ಮೇಲಿನ ತಿಳಿಯನ್ನು ಹತ್ತಿ ಕರವಸ್ತ್ರದಲ್ಲಿ ಶೋಧಿಸಿ ಮತ್ತೆ ಫ್ಲಾಸ್ಕಿಗೆ ತುಂಬಿದೆ. ಮಣ್ಣಿನ ಕಣ ಇದ್ದರೆ ಆಸ್ಟ್ರೇಲಿಯಾದೊಳಕ್ಕೆ ಬಿಡುವುದಿಲ್ಲ ಎಂದು ಉಪ್ಪಿನಕಾಯಿ, ಚಟ್ನಿಪುಡಿ ತಂದು ತಂದು ಕಲಿತಿದ್ದೇನಲ್ಲ! ಸಿಡ್ನಿಯಲ್ಲಿ ಇಳಿದಾಗ ಕಸ್ಟಮ್ಸ್ ಕಾರ್ಡಿನಲ್ಲಿ ಬರೆದು ತೋರಿಸಿದೆ. ಅಧಿಕಾರಿ ಒಂದು ಲೋಟಕ್ಕೆ ಸ್ವಲ್ಪ ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿದ. ಏನಿದು ಎಂದ. ನನ್ನ ಅತ್ತೆಯ ಕೊನೆಗಾಲಕ್ಕೆ ಎಂದೆ. ಆತ ಮತ್ತೇನೂ ಕೇಳದೆ ಮುಚ್ಚಳ ಬಿಗಿ ಮಾಡಿ ಕೊಟ್ಟ. ನನಗೆ ಹೊಟ್ಟೆ ತಣ್ಣಗಾಯಿತು. ಗೆದ್ದೆ ಎಂದುಕೊಂಡೆ.

ಅಕ್ಕನ ಮನೆಯಲ್ಲಿ ಊಟ ಮಾಡಿದವಳು ಹಾಗೇ ಸೋಫಾದ ಮೇಲೆ ಬಿದ್ದೆ. ಎದ್ದಾಗ ಮಧ್ಯಾಹ್ನ ಮೂರು ಗಂಟೆ. ಬಾಲ್ಕನಿಯಲ್ಲಿ ನಮ್ಮ ಬಟ್ಟೆಗಳೆಲ್ಲ ಒಣಗುತ್ತಿದ್ದವು. ಸೂಟ್‌ಕೇಸ್ ಬಾಯಿ ಬಿಟ್ಟುಕೊಂಡಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಫ್ಲಾಸ್ಕ್ ಫಳಫಳ ಹೊಳೆಯುತ್ತಿತ್ತು.

"ಇದರಲ್ಲಿದ್ದ ನೀರು?"

"ಯಾವ ಕಾಲದ್ದೋ ನೀರು ಕಣೆ. ಕರಿಬೇವಿನ ಗಿಡಕ್ಕೆ ಹಾಕ್ದೆ. ಫ್ಲಾಸ್ಕ್ ನೀನೇ ಇಟ್ಕೋ. ಖಾಲಿ ಪಾತ್ರೆ ಕೊಡಬಾರದಲ್ಲ, ನಿಮ್ಮತ್ತೆಗೆ ಅಂತ ಗಟ್ಟಿ ಡಿಕಾಕ್ಷನ್ ಇಳಿಸಿ ತುಂಬಿದೀನಿ."

ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುವುದು. ಅವತ್ತು ಅದಕ್ಕೆ ಮೂಗೂ ಸಾಲಲಿಲ್ಲ. ಕೇಳದೆ ಯಾಕೆ ಮುಟ್ಟಿದೆ, ನನ್ನ ಸೂಟ್‌ಕೇಸು ನಿನ್ನ ಅಪ್ಪಂದಾ ಎಂದು ಕೂಗಿದೆ. ಇಬ್ಬರಿಗೂ ಒಬ್ಬನೇ ಅಪ್ಪ ಎನ್ನುವುದೂ ಆಗ ನೆನಪಿರಲಿಲ್ಲ. ಏನು ನೀರು, ಯಾಕೆ ತಂದದ್ದು ಎಲ್ಲ ಒಂದೇ ಉಸಿರಿಗೆ ಒದರಿದೆ. ಅಕ್ಕ ಬೆಪ್ಪಾಗಿ ನಿಂತಳು.

"ಒಂದು ಮಾತು ಹೇಳಿದ್ರೆ ದೇವರ ಮುಂದೆ ಇಡ್ತಿದ್ನಲ್ಲೇ" ಎಂದಳು.

ನಿಜವೇ. ಆದರೆ ನಿಜ ಕೇಳಿದರೆ ನನಗೆ ಕೋಪ ಇನ್ನೂ ಏರುತ್ತದೆ. ಫ್ಲಾಸ್ಕಿನ ಮುಚ್ಚಳ ತೆಗೆದು ಅವಳ ಕಣ್ಣೆದುರೇ ಡಿಕಾಕ್ಷನನ್ನೆಲ್ಲ ಸಿಂಕಿಗೆ ಸುರಿದುಬಿಟ್ಟೆ. ಮನೆಯೆಲ್ಲ ಕಾಫಿಯ ಘಮ. ಅಕ್ಕ ಬಾಲ್ಕನಿಗೆ ಹೋಗಿ ಇನ್ನೂ ಒದ್ದೆಯಿದ್ದ ನಮ್ಮ ಬಟ್ಟೆಗಳನ್ನು ಮಡಿಸತೊಡಗಿದಳು.

ಮಾರನೆಯ ದಿನ ಏರ್‌ಪೋರ್ಟಿನಲ್ಲಿ, ಮೆಲ್ಬರ್ನಿನ ವಿಮಾನಕ್ಕೆ ಕಾಯುವಾಗ, ಕುಡಿಯುವ ನೀರಿನ ನಲ್ಲಿಗೆ ಫ್ಲಾಸ್ಕ್ ಹಿಡಿದು ತುಂಬಿದೆ. ಮಗಳು ಪಕ್ಕದಲ್ಲೇ ಇದ್ದಳು.

"ಅಮ್ಮಾ, ಡೋಂಟ್. ಜಸ್ಟ್ ಟೆಲ್ ಹರ್."

"ಎಂಬತ್ತೆರಡು ವರ್ಷದ ಮುದುಕಿಗೆ ಏನಂತ ಹೇಳ್ಲಿ? ಗಿಡಕ್ಕೆ ಹಾಕಿದ್ವಿ ಅಂತಾನಾ? ಸುಮ್ನಿರು."

ಮಗಳು ಇಯರ್‌ಫೋನ್ ಸಿಕ್ಕಿಸಿಕೊಂಡವಳು ಮೆಲ್ಬರ್ನ್ ಬರುವವರೆಗೂ ತೆಗೆಯಲಿಲ್ಲ.

ಮನೆಗೆ ಬಂದರೆ ಅತ್ತೆ ಎರಡನೇ ಸಲ ಸ್ನಾನ ಮಾಡಿ, ದೀಪ ಹಚ್ಚಿ ಕಾಯುತ್ತಿದ್ದರು. ನನ್ನವರು ಬಾಗಿಲಲ್ಲೇ, "ಬೆಳಿಗ್ಗೆಯಿಂದ ಹತ್ತು ಸಲ ಕೇಳಿದಾರೆ, ಫ್ಲೈಟ್ ಬಂತಾ ಅಂತ" ಎಂದರು. ನಾನು ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅತ್ತೆ ಅದನ್ನು ಕಣ್ಣಿಗೆ ಒತ್ತಿಕೊಂಡರು. ಬೆಳ್ಳಿಯ ಉದ್ಧರಣೆಗೆ ಒಂದಿಷ್ಟು ಬಗ್ಗಿಸಿ, ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟರು. ಆಮೇಲೆ ಒದ್ದೆ ಕೈಯನ್ನು ತಲೆಗೆ ಸವರಿಕೊಂಡು ಕೇಳಿದರು:

"ನಿಮ್ಮಕ್ಕ ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ ಅತ್ತೆ."

ಫ್ಲಾಸ್ಕನ್ನು ದೇವರ ಗೂಡಿನಲ್ಲಿಟ್ಟು, ಅಡ್ಡಬಿದ್ದು, ತಮ್ಮ ರೂಮಿಗೆ ಹೋದರು. ಹಿಮದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಆಮೇಲಿನ ಮೂರು ದಿನ ನಾನು ಅತ್ತೆಗೆ ಮುಖ ತಪ್ಪಿಸಿಕೊಂಡು ಓಡಾಡಿದೆ. ಮೆಲ್ಬರ್ನ್ ನಗರದ ಡಾಕ್‌ಲ್ಯಾಂಡ್ಸಿನ ನನ್ನ ಆಫೀಸಿನಲ್ಲಿ ಎಲ್ಲರೂ ಪ್ರವಾಸದ ಫೋಟೋ ತೋರಿಸು ಎಂದರು. ತೋರಿಸಿದೆ. ಒಂದರಲ್ಲಿ ನಾನು ಮೊಣಕಾಲೂರಿ ನೀರು ತುಂಬುತ್ತಿದ್ದೇನೆ, ಗೈಡಿನ ಕೆಂಪು ಕೈ ನನ್ನ ಬೆನ್ನ ಮೇಲಿದೆ. ಅದನ್ನು ಬೇಗ ದಾಟಿಸಿದೆ. ಅಕ್ಕ ದಿನಕ್ಕೊಮ್ಮೆ ಫೋನ್ ಮಾಡುವವಳು, ಮಾಡಲಿಲ್ಲ. ನಾನೂ ಮಾಡಲಿಲ್ಲ. ಬೆಳಿಗ್ಗೆ ದೇವರಿಗೆ ಕೈ ಮುಗಿಯಲು ಹೋದರೆ ಆ ಫ್ಲಾಸ್ಕ್ ಅಲ್ಲೇ ಕೂತಿರುತ್ತಿತ್ತು, ನಾನು ಕಣ್ಣು ಮುಚ್ಚಿಕೊಂಡೇ ಹೊರಗೆ ಬರುತ್ತಿದ್ದೆ. ಅತ್ತೆ ಒಂದು ದಿನ ನಿಜವಾಗಿಯೂ ಹೋಗುತ್ತಾರೆ. ಅವತ್ತು ನನ್ನ ಕೈಯಿಂದಲೇ ಈ ನಲ್ಲಿ ನೀರನ್ನು ಅವರ ಬಾಯಿಗೆ ಬಿಡುತ್ತೇನೆಯೇ? ಆ ಯೋಚನೆಗೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಶನಿವಾರ ಬೆಳಿಗ್ಗೆ ಹಿತ್ತಿಲಲ್ಲಿ ಎಳೆ ಬಿಸಿಲು. ಅತ್ತೆ ಶಾಲು ಹೊದ್ದು ಕುರ್ಚಿಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ನೆಲದ ಮೇಲೇ ಕೂತೆ. ಎಲ್ಲ ಹೇಳಿದೆ. ಗಿಡಕ್ಕೆ ಹೋದ ನೀರು, ಸಿಂಕಿಗೆ ಸುರಿದ ಕಾಫಿ, ಏರ್‌ಪೋರ್ಟಿನ ನಲ್ಲಿ. ಹೇಳುತ್ತ ಹೇಳುತ್ತ ಅಳು ಬಂತು.

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೆ. ನಾಲಿಗೆಗೆ ಇಟ್ಟ ತಕ್ಷಣ ಕಾಫಿ ವಾಸನೆ. ನಿಮ್ಮಕ್ಕನ ಕಾಫಿ ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ನಿದ್ರಿ?"

ಅತ್ತೆ ನಿಧಾನವಾಗಿ, ಕೈಯಲ್ಲಿದ್ದ ಸೊಪ್ಪನ್ನೇ ನೋಡುತ್ತ ಹೇಳಿದರು. ಅವರ ಅತ್ತೆ ಕಾಶಿಗೆ ಹೋಗಿ ಬಂದವರು. ಗಂಗೆ ತುಂಬಿ ಬೆಸುಗೆ ಹಾಕಿದ ಒಂದು ತಾಮ್ರದ ತಂಬಿಗೆ ತಂದು ದೇವರ ಮನೆಯಲ್ಲಿಟ್ಟಿದ್ದರು, ತಮ್ಮ ಕೊನೆಗಾಲಕ್ಕೆ ಎಂದು. ಒಂದು ದೀಪಾವಳಿಗೆ ಹುಣಸೆಹಣ್ಣು ಹಾಕಿ ಅದನ್ನು ಉಜ್ಜುವಾಗ ನಮ್ಮತ್ತೆಗೆ ಅದು ಕೈಗೆ ಹಗುರ ಅನ್ನಿಸಿತು. ಬೆಸುಗೆ ಎಲ್ಲೋ ಬಿಟ್ಟು ನೀರೆಲ್ಲ ಆರಿಹೋಗಿತ್ತು.

"ನಾನೇ ಉಜ್ಜಿ ಉಜ್ಜಿ ಬಿಡಿಸಿದ್ನೇನೋ ಅಂತ ಭಯ. ಮದುವೆಯಾಗಿ ಎರಡು ವರ್ಷ ಆಗಿತ್ತು. ಹಿತ್ತಲ ಬಾವಿ ನೀರು ತುಂಬಿ, ಬೀದೀಲಿ ಕಲಾಯಿ ಹಾಕೋನು ಬಂದಾಗ ಬೆಸುಗೆ ಹಾಕಿಸಿಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಅವರು ಹೋಗೋವಾಗ ನಾನೇ ಬಾಯಿಗೆ ಬಿಟ್ಟೆ. ಗಂಗೆ ಬಿತ್ತಲ್ಲಮ್ಮ, ಸಾಕು ಅಂದ್ರು. ನನ್ನ ಕೈ ಹಿಡ್ಕೊಂಡು ಅಂದ್ರು."

ಪಕ್ಕದ ಮನೆಯ ಹುಲ್ಲು ಕತ್ತರಿಸುವ ಮೆಷಿನ್ ಶುರುವಾಗಿ ನಿಂತಿತು.

"ನೀನು ಮೂರು ದಿನಕ್ಕೆ ಹೇಳ್ದೆ" ಎಂದರು ಅತ್ತೆ. "ನಾನು ಅದಾದ ಮೇಲೆ ಹದಿನಾಲ್ಕು ವರ್ಷ ಅವರ ಜೊತೆ ಒಂದೇ ಮನೇಲಿದ್ದೆ. ಹೇಳಲೇ ಇಲ್ಲ."

ಅವರ ಮಡಿಲಿನ ಸೊಪ್ಪಿನ ಕಟ್ಟು ತೆಗೆದುಕೊಂಡು ನಾನೂ ಬಿಡಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ, ಫ್ಲಾಸ್ಕಿನ ನೀರು ಚೆಲ್ಲಿಬಿಡಲೇ ಎಂದು ಕೇಳಿದೆ.

"ಯಾಕೆ? ಇರ್ಲಿ. ಅದು ಎಲ್ಲಿಯ ನೀರು ಅಂತ ನನಗೆ ಗೊತ್ತು. ಪಾಪ, ನಮ್ಮತ್ತೆಗೆ ಗೊತ್ತಿರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಈಗ ಹೇಳು, ಆ ಮಂಜಿನ ಬೆಟ್ಟ ಹೇಗಿತ್ತು? ಮೂರು ದಿನದಿಂದ ಕೇಳೋಣ ಅಂತಿದ್ದೆ, ನೀನು ಮುಖಾನೇ ಕೊಡ್ಲಿಲ್ಲ."

ಹೇಳಿದೆ. ಬೂದಿಯ ಕರಿ ಪಟ್ಟೆ, ಬಿರುಕಿನ ನೀಲಿ, ಶೂ ಬಿಚ್ಚಲು ಬಿಡದೆ ಕೈಗವಸು ಬಿಚ್ಚಿದ ಗೈಡ್. ಅತ್ತೆ ಆ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. "ಪುಣ್ಯಾತ್ಗಿತ್ತಿ, ಬಿಗಿಯಾಗಿ ಹಿಡ್ಕೊಂಡಿದಾಳೆ" ಎಂದರು.

ಆಮೇಲೆ ಫೋಟೋ ಮುಚ್ಚಿ, ಅಕ್ಕನಿಗೆ ಫೋನ್ ಹಚ್ಚಿಕೊಡು ಎಂದರು. ನನ್ನ ಹೆಸರು ನೋಡಿ ಅಕ್ಕ ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದಳು. ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನಾನು ಕಣಮ್ಮ. ನಿನ್ನ ಕಾಫಿ ತಲುಪ್ತು" ಎಂದರು. "ಚೆನ್ನಾಗಿತ್ತು."

ಆ ಕಡೆ ಅಕ್ಕ ಬಿಕ್ಕಿದ್ದು ನನಗೂ ಕೇಳಿಸಿತು. ಅತ್ತೆ ಫೋನನ್ನು ನನ್ನ ಕೈಗಿಟ್ಟು, ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.